ಮನೋರೋಗಕ್ಕೆ ರಕ್ತದ ಸಾಕ್ಷಿ: ಆರ್.ಎನ್.ಎ. ತಿದ್ದುಪಡಿಯನ್ನು ಎಷ್ಟು ನಂಬಬೇಕು?

ಜ್ವರ ಬಂದವನಿಗೆ ಉಷ್ಣಮಾಪಕವುಂಟು. ಸಕ್ಕರೆ ರೋಗದವನಿಗೆ ರಕ್ತದ ಸಕ್ಕರೆಯ ಅಳತೆಯುಂಟು. ಕ್ಷಯವನ್ನು ಕಫದಲ್ಲಿಯೂ ಮಲೇರಿಯವನ್ನು ರಕ್ತದ ಒಂದು ಹನಿಯಲ್ಲಿಯೂ ಕಂಡುಹಿಡಿಯಬಹುದಾಗಿದೆ. ಆದರೆ ಮನಸ್ಸು ಕದಡಿದವನ ಎದುರಿಗೆ ಕುಳಿತ ವೈದ್ಯನಿಗೆ ಇಂತಹ ಮಾಪಕ ಯಾವುದೂ ಇಲ್ಲ. ರೋಗಿಯ ಮಾತು, ಮನೆಯವರು ಹೇಳುವ ವೃತ್ತಾಂತ, ತನ್ನ ಅನುಭವ, ಇವು ಮೂರೇ ಅವನ ಉಪಕರಣಗಳು. ಈ ಕೊರತೆಯನ್ನು ರಕ್ತಪರೀಕ್ಷೆಯೊಂದರಿಂದ ನೀಗಿಸಬಹುದೆಂಬ ಆಶೆ ಈಚಿನ ವರ್ಷಗಳಲ್ಲಿ ಹುಟ್ಟಿದೆ. ಆ ಪರೀಕ್ಷೆಗೆ ಆಧಾರವಾದುದು ಆರ್.ಎನ್.ಎ. ತಿದ್ದುಪಡಿಯೆಂಬ ಒಂದು ಸೂಕ್ಷ್ಮ ಜೀವಕ್ರಿಯೆ. ಇದು ಸ್ವಾಗತಿಸತಕ್ಕ ಸಂಶೋಧನೆಯೇ ಸರಿ. ಆದರೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂತಹ ಊರುಗಳಿಗೆ ಅದು ಬರುವ ಮುನ್ನ ಎರಡು ನಿಯಮಗಳನ್ನು ನಾವು ಹಾಕಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದು, ಅದನ್ನು ನಮ್ಮ ಜನರಲ್ಲಿಯೇ ಒರೆಗೆ ಹಚ್ಚಿ ನೋಡಬೇಕು. ಎರಡನೆಯದು, ರೋಗದ ಹೆಸರು ಹೇಳಿದ ಊರಿನಲ್ಲಿಯೇ ಆ ರೋಗಕ್ಕೆ ಮದ್ದು ದೊರೆಯಬೇಕು.

ವಿಷಯವನ್ನು ಮೊದಲು ತಿಳಿದುಕೊಳ್ಳೋಣ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಚ್ಚುಮೊಳೆಗಳ ಕಾಲದಲ್ಲಿ ಮುದ್ರಣಾಲಯಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ನೆನೆದರೆ ಜೀವಕೋಶದ ಈ ವ್ಯಾಪಾರವು ಸುಲಭವಾಗಿ ಅರ್ಥವಾಗುವುದು. ಲೇಖಕನ ಹಸ್ತಪ್ರತಿಯನ್ನು ನೋಡಿ ಮೊಳೆ ಜೋಡಿಸಿ ಕರಡಚ್ಚನ್ನು ತೆಗೆಯುತ್ತಿದ್ದರು. ಆ ಹಂತದಲ್ಲಿ ಒಂದು ಅಕ್ಷರವನ್ನು ಕಿತ್ತು ಇನ್ನೊಂದನ್ನು ಕೂಡಿಸಿದರೆ, ಹಸ್ತಪ್ರತಿ ಮೊದಲಿನಂತೆಯೇ ಉಳಿದರೂ ಓದುಗನ ಕೈಗೆ ಬರುವ ವಾಕ್ಯ ಬೇರೆಯಾಗುತ್ತಿತ್ತು. ಜೀವಕೋಶದಲ್ಲಿ ಡಿ.ಎನ್.ಎ. ಎಂಬುದು ಹಸ್ತಪ್ರತಿ. ಅದರಿಂದ ನಕಲಾಗುವ ಆರ್.ಎನ್.ಎ. ಎಂಬುದು ಕರಡು. ಆ ಕರಡನ್ನು ಅನುಸರಿಸಿ ಸಿದ್ಧವಾಗುವ ಪ್ರೋಟೀನು ಪುಸ್ತಕ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದ ಕುಮಾರವ್ಯಾಸನು ಬರೆದುದನ್ನು ಅಳಿಸದಿರುವುದೇ ತನ್ನ ಹಿರಿಮೆಯೆಂದು ಹೇಳಿಕೊಂಡಿದ್ದಾನೆ. ಜೀವಕೋಶಕ್ಕೆ ಅಂತಹ ಹಟವಿಲ್ಲ. ನಕಲು ಮುಗಿದ ಮೇಲೆಯೂ ಅದು ಅಲ್ಲಲ್ಲಿ ಅಕ್ಷರಗಳನ್ನು ತಿದ್ದುತ್ತದೆ. ಇದನ್ನೇ ಆರ್.ಎನ್.ಎ. ತಿದ್ದುಪಡಿ ಎನ್ನುವರು. ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಜೀನುಗಳನ್ನು ಕತ್ತರಿಸಿ ಬದಲಿಸುವ ವಿಧಾನದೊಡನೆ ಇದನ್ನು ಬೆರೆಸಿಕೊಳ್ಳಬಾರದು. ಇದು ದೇಹವು ತಾನಾಗಿಯೇ ನಡೆಸುವ ಕಾರ್ಯ.

೧೯೮೬ರಲ್ಲಿ ಹಾಲೆಂಡಿನ ರಾಬ್ ಬೆನ್ನೆ ಮತ್ತು ಅವರ ಸಂಗಡಿಗರು ಟ್ರಿಪನೊಸೋಮವೆಂಬ ಏಕಕೋಶ ಜೀವಿಯ ಆರ್.ಎನ್.ಎ.ಯಲ್ಲಿ, ಮೂಲ ಡಿ.ಎನ್.ಎ.ಯಲ್ಲಿ ಇಲ್ಲದ ಅಕ್ಷರಗಳು ಸೇರಿಕೊಂಡಿರುವುದನ್ನು ಕಂಡರು. ಮರುವರ್ಷವೇ ಇನ್ನೊಂದು ಸೋಜಿಗ ಹೊರಬಿದ್ದಿತು. ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಅಪೊ-ಬಿ ಎಂಬ ಪ್ರೋಟೀನು ನಮ್ಮ ಯಕೃತ್ತಿನಲ್ಲಿ ೪೫೩೬ ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯಾಗಿರುತ್ತದೆ. ಕರುಳಿನಲ್ಲಿ ಅದೇ ಜೀನಿನಿಂದ ೨೧೫೨ ಅಮೈನೋ ಆಮ್ಲಗಳ ಮೋಟು ಸರಪಳಿ ಹೊರಡುತ್ತದೆ. ಕರುಳಿನಲ್ಲಿ ಒಂದೇ ಒಂದು ಅಕ್ಷರ ತಿದ್ದಲ್ಪಟ್ಟು, ವಾಕ್ಯದ ನಡುವೆ ಪೂರ್ಣವಿರಾಮ ಬೀಳುವುದೇ ಇದಕ್ಕೆ ಕಾರಣ. ಹಸ್ತಪ್ರತಿ ಒಂದು, ಪುಸ್ತಕಗಳು ಎರಡು!

ಮನುಷ್ಯರಲ್ಲಿ ಹೆಚ್ಚಾಗಿ ನಡೆಯುವ ತಿದ್ದುಪಡಿಯೆಂದರೆ ಅಡೆನೋಸಿನ್ ಎಂಬ ಅಕ್ಷರವು ಇನೋಸಿನ್ ಆಗಿ ಮಾರ್ಪಡುವುದು. ಅಡಾರ್ ಎಂಬ ಹೆಸರಿನ ಕಿಣ್ವಗಳು ಈ ಕೆಲಸವನ್ನು ಮಾಡುತ್ತವೆ. ಜೀವಕೋಶವು ಇನೋಸಿನ್ನನ್ನು ಗ್ವಾನೋಸಿನ್ ಎಂದೇ ಓದಿಕೊಳ್ಳುವುದರಿಂದ, ‘ಎ’ ಇದ್ದಲ್ಲಿ ‘ಜಿ’ ಇದ್ದಂತಾಗುವುದು. ನಮ್ಮ ಶರೀರದಲ್ಲಿ ಇಂತಹ ತಿದ್ದುಪಡಿಗೆ ಒಳಗಾಗಬಲ್ಲ ಸ್ಥಾನಗಳು ಹತ್ತಾರು ಲಕ್ಷಗಳಿವೆ. ಅವುಗಳಲ್ಲಿ ಬಹುಪಾಲಿನಿಂದ ಪ್ರೋಟೀನಿನ ರೂಪವೇನೂ ಬದಲಾಗದು. ಆದರೆ ಮಿದುಳಿನಲ್ಲಿ ಕೆಲವು ಸ್ಥಾನಗಳು ಬಹಳ ಮುಖ್ಯವಾದುವು. ಗ್ಲುಟಮೇಟ್ ಗ್ರಾಹಕದ ಒಂದು ಭಾಗದಲ್ಲಿ ಈ ತಿದ್ದುಪಡಿಯು ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ನಡೆಯಲೇಬೇಕು. ನಡೆಯದಿದ್ದರೆ ನರಕೋಶದೊಳಕ್ಕೆ ಕ್ಯಾಲ್ಸಿಯಂ ಅತಿಯಾಗಿ ನುಗ್ಗಿ ಕೋಶಕ್ಕೆ ಕೇಡಾಗುವುದು. ಸ್ನಾಯುಗಳು ಕ್ರಮೇಣ ಸೊರಗುವ ಎ.ಎಲ್.ಎಸ್. ಎಂಬ ನರರೋಗದಿಂದ ಮೃತರಾದವರ ಚಾಲಕ ನರಕೋಶಗಳಲ್ಲಿ ಈ ತಿದ್ದುಪಡಿ ಕುಂದಿರುವುದನ್ನು ಜಪಾನಿನ ಸಂಶೋಧಕರು ೨೦೦೪ರಲ್ಲಿ ತೋರಿಸಿದರು. ಮನಸ್ಸಿನ ಸ್ಥಿತಿಗತಿಗಳಿಗೆ ಸಂಬಂಧಪಟ್ಟ ಸೆರೊಟೋನಿನ್ ಗ್ರಾಹಕವೊಂದರ ಆರ್.ಎನ್.ಎ.ಯಲ್ಲಿ ಐದು ತಿದ್ದುಪಡಿ ಸ್ಥಾನಗಳಿರುವುದು ಅದಕ್ಕೂ ಮುಂಚೆಯೇ ತಿಳಿದಿತ್ತು.

ಹೀಗಿರಲು, ಕರಡಿನ ತಿದ್ದುಗಳನ್ನು ಎಣಿಸಿ ರೋಗವನ್ನು ಗುರುತಿಸಬಾರದೇಕೆ ಎಂಬ ಪ್ರಶ್ನೆ ಹುಟ್ಟಿದುದು ಸಹಜವೇ. ಈ ದಿಕ್ಕಿನಲ್ಲಿ ಬಹಳ ಮುಂದೆ ಹೋದ ಪ್ರಯತ್ನಗಳಲ್ಲೊಂದು ಖಿನ್ನತೆ ಮತ್ತು ದ್ವಿಧ್ರುವ ರೋಗಗಳನ್ನು ಬೇರ್ಪಡಿಸುವುದಕ್ಕೆ ಸಂಬಂಧಿಸಿದುದು. ದ್ವಿಧ್ರುವ ರೋಗದಲ್ಲಿ ಮನಸ್ಸು ಕೆಲವು ಕಾಲ ಕುಗ್ಗಿ ಖಿನ್ನತೆಯಲ್ಲಿ ಮುಳುಗುವುದು. ಕೆಲವು ಕಾಲ ಉಬ್ಬಿ, ನಿದ್ರೆ ಬೇಡವಾಗಿ, ಹಣವನ್ನು ಲೆಕ್ಕವಿಲ್ಲದೆ ಚೆಲ್ಲಿ, ಉನ್ಮಾದಕ್ಕೇರುವುದು. ರೋಗಿಯು ಸಾಮಾನ್ಯವಾಗಿ ವೈದ್ಯನಲ್ಲಿಗೆ ಬರುವುದು ಕುಗ್ಗಿದ ಕಾಲದಲ್ಲಿ. ಉಬ್ಬಿದ ಕಾಲವನ್ನು ಅವನು ರೋಗವೆಂದೇ ಎಣಿಸುವುದಿಲ್ಲ. ಮನೆಯವರೂ ಎಷ್ಟೋ ಸಲ ಅದನ್ನು ಹುರುಪೆಂದೋ ಹಟವೆಂದೋ ತಿಳಿದು ಸುಮ್ಮನಾಗುತ್ತಾರೆ. ಆದಕಾರಣ ಬರಿಯ ಖಿನ್ನತೆಯೆಂದು ಬಗೆದು ಖಿನ್ನತೆಯ ಔಷಧವನ್ನಷ್ಟೇ ಕೊಡುವ ಸಂಭವವುಂಟು. ಆ ಔಷಧವೇ ಕೆಲವರನ್ನು ಉನ್ಮಾದಕ್ಕೆ ತಳ್ಳಬಲ್ಲುದು. ಸರಿಯಾದ ಹೆಸರು ಸಿಗುವಷ್ಟರಲ್ಲಿ ವರ್ಷಗಳೇ ಕಳೆದುಹೋಗುವುದುಂಟು. ಆ ವರ್ಷಗಳಲ್ಲಿ ಓದು ನಿಲ್ಲುತ್ತದೆ, ಹೊಲ ಅಡವಾಗುತ್ತದೆ, ಸಂಸಾರ ಒಡೆಯುತ್ತದೆ. ಕೆಲವರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಈ ರೋಗವು ಅನೇಕರಲ್ಲಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆಸುಪಾಸಿಗೆ, ಎಂದರೆ ಕಾಲೇಜಿನ ವಯಸ್ಸಿನಲ್ಲಿಯೇ ಮೊದಲಾಗುತ್ತದೆಂಬುದನ್ನು ತರುಣ ವಾಚಕರು ಗಮನಿಸಬೇಕು.

೨೦೨೨ರಲ್ಲಿ ಫ್ರಾನ್ಸಿನ ಸಂಶೋಧಕರು ರಕ್ತದಲ್ಲಿನ ಕೆಲವು ಜೀನುಗಳ ಆರ್.ಎನ್.ಎ. ತಿದ್ದುಪಡಿಯನ್ನು ಅಳೆದು, ಗಣಕಯಂತ್ರದ ನೆರವಿನಿಂದ ಆ ಅಳತೆಗಳನ್ನು ಒಟ್ಟುಗೂಡಿಸಿ, ಖಿನ್ನತೆಯ ರೋಗಿಗಳಿಂದ ದ್ವಿಧ್ರುವ ರೋಗಿಗಳನ್ನು ಗಣನೀಯವಾಗಿ ಬೇರ್ಪಡಿಸಬಹುದೆಂದು ಪ್ರಕಟಿಸಿದರು. ವೈದ್ಯನ ಕಣ್ಣಿಗೆ ಕಾಣದುದು ರಕ್ತದಲ್ಲಿ ಕಂಡರೆ ಅದಕ್ಕಿಂತ ಸಂತೋಷದ ಸಂಗತಿ ಯಾವುದು? ಆದರೆ ಭೌತಶಾಸ್ತ್ರವನ್ನು ಬೋಧಿಸುವವನಿಗೆ ಯಾವ ಹೊಸ ಮಾಪಕವನ್ನು ಕಂಡರೂ ಕೆಲವು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಇದು ಅಳೆಯುತ್ತಿರುವುದು ನಿಜವಾಗಿ ಏನನ್ನು? ಇದರ ಮುಳ್ಳನ್ನು ಬೇರೆ ಯಾವ ಯಾವ ಕಾರಣಗಳು ಅಲುಗಿಸಬಲ್ಲವು? ಇದರ ದೋಷ ಎಷ್ಟು? ಅಳತೆ ದೊರೆತ ಮೇಲೆ ಅದರಿಂದ ಮಾಡುವುದೇನು?

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಕರಡಿನಲ್ಲಿ ‘ಎ’ ಇರಬೇಕಾದ ಕಡೆ ‘ಜಿ’ ಕಂಡರೆ ಅದನ್ನು ತಿದ್ದುಪಡಿಯೆಂದು ಎಣಿಸುತ್ತೇವೆ. ಆದರೆ ಆ ವ್ಯಕ್ತಿಯ ಹಸ್ತಪ್ರತಿಯಲ್ಲಿಯೇ, ಎಂದರೆ ಹುಟ್ಟಿನಿಂದ ಬಂದ ಡಿ.ಎನ್.ಎ.ಯಲ್ಲಿಯೇ, ‘ಜಿ’ ಇದ್ದರೆ? ಆಗ ತಿದ್ದುಪಡಿಯೇ ನಡೆದಿರುವುದಿಲ್ಲ. ಅದು ಬರಿಯ ಪಾಠಾಂತರ. ಇಂತಹ ಪಾಠಾಂತರಗಳು ಒಂದು ಜನಸಮುದಾಯದಲ್ಲಿ ವಿರಳವಾಗಿದ್ದು ಇನ್ನೊಂದರಲ್ಲಿ ಹೇರಳವಾಗಿರಬಹುದು. ಯುರೋಪಿನ ಜನರ ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ನಮ್ಮ ಕರಡನ್ನು ತಪ್ಪು ಒಪ್ಪು ಎನ್ನುವುದು ನ್ಯಾಯವಲ್ಲ. ಅದೃಷ್ಟವಶಾತ್ ಈ ಕೊರತೆಯನ್ನು ತುಂಬುವ ಕಾರ್ಯ ನಮ್ಮ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಮುಂದಾಳಾಗಿ, ದೇಶದ ಅನೇಕ ಸಂಸ್ಥೆಗಳು ಕೂಡಿ ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ ೧೦,೦೦೦ ಭಾರತೀಯರ ಡಿ.ಎನ್.ಎ. ಪಾಠಗಳನ್ನು ಓದಲಾಯಿತು, ಆ ದತ್ತಾಂಶವು ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಹೊಸ ಪರೀಕ್ಷೆಯ ಒಂದೊಂದು ಸ್ಥಾನವನ್ನೂ ಇದರೊಡನೆ ಹೋಲಿಸಿ ನೋಡುವುದು ಮೊದಲ ಕರ್ತವ್ಯ.

ಎರಡನೆಯ ಪ್ರಶ್ನೆ ಮುಳ್ಳನ್ನು ಅಲುಗಿಸುವ ಇತರ ಕಾರಣಗಳದು. ವೈರಾಣುಗಳು ದೇಹವನ್ನು ಹೊಕ್ಕಾಗ ನಮ್ಮ ಕೋಶಗಳು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಡಿಸುತ್ತವೆ. ಅದು ಅಡಾರ್ ಕಿಣ್ವದ ಒಂದು ಬಗೆಯನ್ನು ಹೆಚ್ಚಿಸುತ್ತದೆ. ಎಂದಮೇಲೆ ಡೆಂಗಿಯೋ ಚಿಕುನ್‌ಗುನ್ಯವೋ ಬಂದು ಹೋದವನ ರಕ್ತದಲ್ಲಿ ತಿದ್ದುಪಡಿಯ ಪ್ರಮಾಣವು ಮನಸ್ಸಿನ ಸ್ಥಿತಿಗೆ ಸಂಬಂಧವಿಲ್ಲದೆಯೇ ಬದಲಾಗಿರಬಹುದು. ವಯಸ್ಸು, ಬೇರೆ ರೋಗಗಳು, ಸೇವಿಸುತ್ತಿರುವ ಔಷಧಗಳು, ರಕ್ತದಲ್ಲಿ ಬಿಳಿಯ ಕಣಗಳ ಬಗೆಬಗೆಯ ಪಾಲು, ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇಲಾಗಿ ಆರ್.ಎನ್.ಎ. ಬಹಳ ನಾಜೂಕಾದ ವಸ್ತು. ರಕ್ತವನ್ನು ತೆಗೆದೊಡನೆ ತಕ್ಕ ರಾಸಾಯನಿಕವಿರುವ ನಳಿಕೆಯಲ್ಲಿ ಹಾಕಿ ತಂಪಿನಲ್ಲಿಡದಿದ್ದರೆ ಅದು ಬೇಗನೆ ಚೂರಾಗುವುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಂಡರಗಿಯಿಂದ ಬೆಂಗಳೂರಿನವರೆಗೆ ಸಾಗಿದ ನಳಿಕೆಯು, ಪ್ಯಾರಿಸ್ಸಿನ ಆಸ್ಪತ್ರೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿದ ನಳಿಕೆಯಷ್ಟೇ ನಿಜವನ್ನು ನುಡಿಯುವುದೆಂದು ಪರೀಕ್ಷಿಸದೆ ನಂಬಲಾಗದು.

ಮೂರನೆಯದು ದೋಷದ ಪ್ರಶ್ನೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡುವುದು ಅವಶ್ಯ. ಪ್ರೌಢಶಾಲೆಯ ಗಣಿತವೇ ಸಾಕು. ಒಂದು ಪರೀಕ್ಷೆಯು ರೋಗವಿರುವ ೧೦೦ ಮಂದಿಯಲ್ಲಿ ೯೦ ಮಂದಿಯನ್ನು ಗುರುತಿಸುವುದೆಂದೂ, ರೋಗವಿಲ್ಲದ ೧೦೦ ಮಂದಿಯಲ್ಲಿ ೮೫ ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳುವುದೆಂದೂ ಇಟ್ಟುಕೊಳ್ಳಿ. ಕೇಳುವುದಕ್ಕೆ ಇದು ಒಳ್ಳೆಯ ಪರೀಕ್ಷೆಯೇ. ಖಿನ್ನತೆಯೆಂದು ಆಸ್ಪತ್ರೆಗೆ ಬಂದ ೧೦೦೦ ಜನರಲ್ಲಿ ೩೦೦ ಜನರಿಗೆ ವಾಸ್ತವವಾಗಿ ದ್ವಿಧ್ರುವ ರೋಗವಿದೆಯೆಂದು ಊಹಿಸೋಣ. ಪರೀಕ್ಷೆಯು ಅವರಲ್ಲಿ ೨೭೦ ಜನರನ್ನು ಹಿಡಿಯುವುದು. ಉಳಿದ ೭೦೦ ಜನರಲ್ಲಿ ೧೦೫ ಜನರಿಗೆ ಇಲ್ಲದ ರೋಗವನ್ನು ಹೊರಿಸುವುದು. ಎಂದರೆ ‘ಇದೆ’ ಎನಿಸಿಕೊಂಡ ೩೭೫ ಜನರಲ್ಲಿ ನೂರಕ್ಕೆ ೭೨ ಜನರ ವಿಷಯದಲ್ಲಿ ಅದು ನಿಜ. ವೈದ್ಯನಿಗೆ ಇದು ಉಪಯುಕ್ತವಾದ ಸುಳಿವು.

ಅದೇ ಪರೀಕ್ಷೆಯನ್ನು ಆರೋಗ್ಯ ಶಿಬಿರವೊಂದರಲ್ಲಿ ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸಿ ಮಾಡಿದರೇನಾಗುವುದು? ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಎಂದಾದರೂ ಈ ರೋಗಕ್ಕೆ ಗುರಿಯಾದ ವಯಸ್ಕರು ಸುಮಾರು ಇನ್ನೂರಕ್ಕೆ ಒಬ್ಬರು. ೧೦,೦೦೦ ಜನರಲ್ಲಿ ೫೦ ಮಂದಿಯೆಂದಾಯಿತು. ಅವರಲ್ಲಿ ೪೫ ಮಂದಿಯನ್ನು ಪರೀಕ್ಷೆಯು ಹಿಡಿಯುವುದು. ಆದರೆ ರೋಗವಿಲ್ಲದ ೯,೯೫೦ ಮಂದಿಯಲ್ಲಿ ಸುಮಾರು ೧,೪೯೦ ಮಂದಿಗೆ ಸುಳ್ಳು ಗುರುತು ಬೀಳುವುದು! ‘ಇದೆ’ ಎನಿಸಿಕೊಂಡವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ರೋಗವಿರುವುದು. ಯಂತ್ರವೂ ಅದೇ, ರಾಸಾಯನಿಕವೂ ಅದೇ. ಪರೀಕ್ಷೆ ಮಾಡಿಸಿಕೊಂಡವರು ಬೇರೆಯಾದುದರಿಂದ ಉತ್ತರದ ಬೆಲೆ ಬೇರೆಯಾಯಿತು. ಆದುದರಿಂದ, ವೈದ್ಯನು ಮೊದಲು ಕೂಲಂಕಷವಾಗಿ ವಿಚಾರಿಸಿ ಸಂದೇಹಗೊಂಡ ರೋಗಿಯಲ್ಲಲ್ಲದೆ ಬೇರೆಯವರಲ್ಲಿ ಇಂತಹ ಪರೀಕ್ಷೆಯನ್ನು ಮಾಡಕೂಡದು.

ಈ ಸುಳ್ಳು ಗುರುತಿನ ಭಾರ ಎಷ್ಟೆಂಬುದನ್ನು ನಮ್ಮ ಭಾಗದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಒಮ್ಮೆ ಹೋಗಿ ಬಂದವನೆಂದರೆ ಸಾಕು, ಅವನ ಮನೆಯ ಹೆಣ್ಣು ಮಕ್ಕಳ ಮದುವೆಯ ಮಾತು ಅರ್ಧಕ್ಕೆ ನಿಲ್ಲುವುದುಂಟು. ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ಶಿಕ್ಷಣ ಮತ್ತು ಚಿಕಿತ್ಸಾ ಸಂಸ್ಥೆಯಾಗಿ ಬೆಳೆದಿದ್ದರೂ ಹಳೆಯ ಅಂಜಿಕೆ ಪೂರ್ತಿಯಾಗಿ ಅಳಿದಿಲ್ಲ. ರಕ್ತದ ಪರೀಕ್ಷೆಯಿಂದ ಈ ಕಳಂಕ ತೊಲಗುವುದೆಂದು ಕೆಲವರು ವಾದಿಸುತ್ತಾರೆ. ಗ್ರಹಚಾರ, ಮಾಟ, ದೆವ್ವದ ಕಾಟ ಎನ್ನುವ ಬದಲು ರಕ್ತದಲ್ಲಿ ಕಾಣುವ ದೈಹಿಕ ಕಾಯಿಲೆಯೆಂದು ಜನರು ತಿಳಿದಾರೆಂಬುದು ಅವರ ನಂಬಿಕೆ. ಈ ವಾದದಲ್ಲಿ ತಥ್ಯವಿದೆ. ಆದರೆ ರಕ್ತದಲ್ಲಿದೆ ಎಂದರೆ ವಂಶದಲ್ಲಿದೆ ಎಂದು ಅರ್ಥ ಮಾಡಿಕೊಳ್ಳುವ ಸಮಾಜ ನಮ್ಮದೆಂಬುದನ್ನು ಅವರು ಮರೆಯುತ್ತಾರೆ. ವೈದ್ಯನ ಬಾಯಿಮಾತು ಗಾಳಿಯಲ್ಲಿ ಕರಗಬಹುದು. ಮುದ್ರೆಯೊತ್ತಿದ ವರದಿಯ ಕಾಗದವು ಕೈಯಿಂದ ಕೈಗೆ ಹೋಗುವುದು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು ಅವನಿಗೆ ಕೊಟ್ಟಿದೆ. ಈ ಹಕ್ಕು ಊರಿನ ಪ್ರಯೋಗಶಾಲೆಯ ಕಿಟಕಿಯಲ್ಲಿಯೂ ಪಾಲನೆಯಾಗುವಂತಾದರೆ ಮಾತ್ರ ಇಂತಹ ವರದಿಗಳನ್ನು ಬರೆಯತಕ್ಕದ್ದು.

ಕೊನೆಯದು, ಅಳತೆಯಿಂದ ಮಾಡುವುದೇನೆಂಬ ಪ್ರಶ್ನೆ. ದ್ವಿಧ್ರುವ ರೋಗಕ್ಕೆ ಪ್ರಸಿದ್ಧವಾದ ಮದ್ದು ಲಿಥಿಯಂ, ಎಂದರೆ ವಿದ್ಯಾರ್ಥಿಗಳು ಮೂಲವಸ್ತುಗಳ ಕೋಷ್ಟಕದಲ್ಲಿ ಮೂರನೆಯದಾಗಿ ಕಾಣುವ ಲೋಹದ ಲವಣ. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದದ ಮೇಲೆ ಅದರ ಗುಣವನ್ನು ೧೯೪೯ರಲ್ಲಿ ಪ್ರಕಟಿಸಿದರು. ಅದು ದುಬಾರಿಯ ವಸ್ತುವಲ್ಲ. ಆದರೆ ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಗುಣವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಆದಕಾರಣ ಲಿಥಿಯಂ ಸೇವಿಸುವವನ ರಕ್ತವನ್ನು ಆಗಾಗ ಅಳೆಯಲೇಬೇಕು. ಮೂತ್ರಪಿಂಡ ಮತ್ತು ಥೈರಾಯಿಡ್ ಗ್ರಂಥಿಗಳ ಕಾರ್ಯವನ್ನೂ ನೋಡುತ್ತಿರಬೇಕು. ಈ ಅಳತೆ ಹಳೆಯದು, ಸರಳವಾದುದು, ನಂಬತಕ್ಕದ್ದು. ಶಿರಹಟ್ಟಿಯ ಅಥವಾ ಲಕ್ಷ್ಮೇಶ್ವರದ ರೈತನೊಬ್ಬನಿಗೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳದೆ ಈ ಅಳತೆ ದೊರೆಯುವಂತೆ ಮಾಡುವುದು, ಸಾವಿರಾರು ರೂಪಾಯಿಗಳ ಆರ್.ಎನ್.ಎ. ಪರೀಕ್ಷೆಯನ್ನು ತರುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಅದೇ ಸಮೀಕ್ಷೆಯಲ್ಲಿ, ದ್ವಿಧ್ರುವ ರೋಗಿಗಳಲ್ಲಿ ನೂರಕ್ಕೆ ಸುಮಾರು ೭೦ ಜನರು ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲವೆಂದು ಕಂಡುಬಂದಿತು. ಅವರನ್ನು ತಡೆದುದು ಸೂಕ್ಷ್ಮ ಪರೀಕ್ಷೆಯ ಅಭಾವವೊಂದೇ ಅಲ್ಲ. ಹತ್ತಿರದಲ್ಲಿ ವೈದ್ಯನಿಲ್ಲದಿರುವುದು, ದಾರಿಯ ವೆಚ್ಚ, ಜನರ ನಾಲಗೆ, ಇವೆಲ್ಲವೂ ಅಡ್ಡಿಗಳೇ.

ಇದಕ್ಕೆ ಉಪಾಯವಿಲ್ಲವೆಂದು ತಿಳಿಯಬೇಕಾಗಿಲ್ಲ. ಬಳ್ಳಾರಿ ಜಿಲ್ಲೆಯೇ ದಾರಿ ತೋರಿಸಿದೆ. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟು, ಅವಶ್ಯಕವಾದ ಕೆಲವೇ ಔಷಧಗಳನ್ನು ಹಳ್ಳಿಗಳ ಸಮೀಪಕ್ಕೆ ಒಯ್ದಿತು. ಆ ಪ್ರಯೋಗ ಫಲಿಸಿದುದರಿಂದ ೧೯೯೬ರಲ್ಲಿ ಭಾರತ ಸರಕಾರವು ಅದನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬಳ್ಳಾರಿಯಲ್ಲಿ ಆಗ ಬಳಸಿದ ಮುಖ್ಯ ಉಪಕರಣ ತಾಳ್ಮೆಯಿಂದ ಕೇಳುವ ಕಿವಿ. ‘ಎಂದಾದರೂ ನಿದ್ರೆಯಿಲ್ಲದಿದ್ದರೂ ದಣಿವೇ ಆಗದಂತಹ ದಿನಗಳಿದ್ದುವೆ?’ ಎಂಬ ಒಂದು ಪ್ರಶ್ನೆಯನ್ನು ರೋಗಿಗೂ ಅವನ ತಾಯಿಗೂ ಬಿಡುವಾಗಿ ಕೇಳಿದರೆ, ಖಿನ್ನತೆಯ ಹಿಂದೆ ಅಡಗಿರುವ ಉನ್ಮಾದವು ಎಷ್ಟೋ ಸಲ ಹೊರಬೀಳುವುದು.

ಹಾಗಾದರೆ ಆರ್.ಎನ್.ಎ. ತಿದ್ದುಪಡಿಯ ಸಂಶೋಧನೆಯನ್ನು ಕೈಬಿಡೋಣವೇ? ಎಂದಿಗೂ ಕೂಡದು. ಒಳ್ಳೆಯ ವೈದ್ಯನೂ ಗೊಂದಲಕ್ಕೀಡಾಗುವ ರೋಗಿಗಳಿರುವರು. ಅವರಿಗೆ ಇಂತಹ ಗುರುತಿನಿಂದ ಹಲವು ವರ್ಷಗಳ ಸಂಕಟ ಉಳಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳು ಕೂಡಿ, ಒಂದೇ ಮನೆತನದಲ್ಲಿ ಹಲವರು ಮನೋರೋಗಕ್ಕೆ ಗುರಿಯಾದ ಕುಟುಂಬಗಳನ್ನು ಅಧ್ಯಯನ ಮಾಡುವ ಕಾರ್ಯವನ್ನು ಕೈಗೊಂಡಿವೆ. ಇಂತಹ ಕಡೆಗಳಲ್ಲಿ ನಮ್ಮ ಜನರ ರಕ್ತದಲ್ಲಿಯೂ ತಿದ್ದುಪಡಿಯನ್ನು ಅಳೆದು, ಜ್ವರದ ಮುನ್ನ ಮತ್ತು ಅನಂತರ, ಔಷಧದ ಮುನ್ನ ಮತ್ತು ಅನಂತರ ಹೋಲಿಸಿ, ಧಾರವಾಡದ ಡಿಮ್ಹಾನ್ಸ್ ಹಾಗೂ ಗದಗಿನ ವೈದ್ಯಕೀಯ ಸಂಸ್ಥೆಗಳಂತಹ ಜಿಲ್ಲಾ ಕೇಂದ್ರಗಳನ್ನೂ ಸೇರಿಸಿಕೊಂಡು ನೋಡಬೇಕು. ಫಲ ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಅದನ್ನು ಮುಚ್ಚಿಡದೆ ಪ್ರಕಟಿಸಬೇಕು.

ತರುಣ ಮಿತ್ರರಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ. ಹೊಸ ಪರೀಕ್ಷೆಯೊಂದರ ಸುದ್ದಿಯನ್ನು ಓದಿದಾಗ ‘ಎಷ್ಟು ಸರಿ?’ ಎಂದು ಕೇಳುವುದರ ಜೊತೆಗೆ ‘ಯಾರಲ್ಲಿ ಸರಿ?’ ಎಂದೂ ಕೇಳಿರಿ. ಹತ್ತು ಸಾವಿರ ಜನರ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿರಿ. ಇನ್ನು, ಸಹಪಾಠಿಯೊಬ್ಬನು ವಾರಗಟ್ಟಲೆ ಮಂಕಾಗಿ ಕುಳಿತಿದ್ದರೆ, ಅಥವಾ ಹಗಲಿರುಳು ನಿದ್ರೆಯಿಲ್ಲದೆ ಅಸಾಧಾರಣವಾದ ಉತ್ಸಾಹದಲ್ಲಿ ಓಡಾಡುತ್ತಿದ್ದರೆ, ರಕ್ತದ ಸಾಕ್ಷಿಗಾಗಿ ಕಾಯಬೇಡಿರಿ. ಅವನ ಬಳಿ ಕುಳಿತು ಮಾತನಾಡಿಸಿರಿ. ವೈದ್ಯರಲ್ಲಿಗೆ ಹೋಗಲು ಜೊತೆಯಾಗಿರಿ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಹಣದ ಖರ್ಚಿಲ್ಲದೆ ಸಲಹೆ ದೊರೆಯುವುದು. ಆ ಹುಡುಗನ ರಕ್ತದಲ್ಲಿ ಯಾವ ಅಕ್ಷರ ತಿದ್ದಲ್ಪಟ್ಟಿದೆಯೆಂಬುದನ್ನು ವಿಜ್ಞಾನವು ಇನ್ನು ಕೆಲವು ವರ್ಷಗಳಲ್ಲಿ ಹೇಳಬಹುದು. ಅವನಿಗೆ ನೆರವು ಬೇಕಾಗಿರುವುದು ಇಂದು.